ತ್ರೀ ನಾಟ್ ತ್ರೀ: ಸೇನೆಯ ಹಳೇ ರೈಫಲ್ ಬೇಟೆ ಕೋವಿಯಾಗುವ ಬಗೆ

ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಒಂದು ಭಾನುವಾರ ವಿಡಿಯೊ ಕಾಲ್ ಮಾಡಿದ. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಉದ್ದನೆಯ ರೈಫಲ್ ಒಂದನ್ನು ಮಲಗಿಸಿದ್ದ. ಬಂದೂಕು ಮೇಳದಲ್ಲಿ ಕೊಂಡದ್ದಂತೆ. ಅದರ ಮರ ಎಣ್ಣೆ ಕುಡಿದು ಕಪ್ಪಗಾಗಿತ್ತು. "ಮಾಮಾ, ಇಲ್ನೋಡಿ" ಅಂತ ಬೋಲ್ಟಿನ ಹಿಡಿಯ ಕೆಳಗೆ ಟಾರ್ಚ್ ಹಿಡಿದ. ಉಕ್ಕಿನ ಮೇಲೆ ಆರ್‌ಎಫ್‌ಐ, 2ಎ1, 1967 ಎಂಬ ಅಚ್ಚು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಹುಟ್ಟಿ, ನಮ್ಮ ಸಿಪಾಯಿಗಳ ಹೆಗಲೇರಿ, ಈಗ ಅಮೆರಿಕದ ಮೇಜಿನ ಮೇಲೆ ಮಲಗಿದೆ.

"ಮುಂದಿನ ಮರ ಕತ್ತರಿಸಿ, ನಳಿಗೆ ಗಿಡ್ಡ ಮಾಡಿಸಿ, ದುರ್ಬೀನು ಕೂರಿಸಿದ್ರೆ ಜಿಂಕೆ ಬೇಟೆಗೆ ಚೆನ್ನಾಗಿರುತ್ತಂತೆ. ಮಾಡಿಸ್ಲಾ ಮಾಮಾ?"

ಫೋನಿನಲ್ಲಿ ಉತ್ತರ ಹೇಳಿ ಮುಗಿಯಲಿಲ್ಲ. ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟೆ ಕೋವಿ ನೋಡಿ ಬೆಳೆದ ನಮಗೂ ಸೇನಾ ರೈಫಲ್ಲಿನ ಒಳಗುಟ್ಟು ಅಷ್ಟಾಗಿ ಗೊತ್ತಿರುವುದಿಲ್ಲ. ಪೊಲೀಸರ ಹೆಗಲ ಮೇಲೆ 'ತ್ರೀ ನಾಟ್ ತ್ರೀ' ನೋಡದವರಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದರೆ ಹೇಳುವವರು ಕಮ್ಮಿ. ಬುಡದಿಂದಲೇ ಶುರು ಮಾಡೋಣ.

## ಬೋಲ್ಟ್ ಅಂದರೆ ಚಿಲಕ

ಹಳೇ ಮನೆಯ ಬಾಗಿಲಿನ ಕಬ್ಬಿಣದ ಚಿಲಕ ನೆನಪಿಸಿಕೊಳ್ಳಿ. ಹಿಡಿ ಎತ್ತಬೇಕು, ಮುಂದೆ ತಳ್ಳಬೇಕು, ಕೆಳಗೆ ಮಡಿಸಬೇಕು. ಆಗ ಸರಳು ತನ್ನ ಗೂಡಿನಲ್ಲಿ ಕೂತು ಬಾಗಿಲು ಭದ್ರವಾಗುತ್ತದೆ. ಬೋಲ್ಟ್ ಆ್ಯಕ್ಷನ್ ರೈಫಲ್ ಕೆಲಸ ಮಾಡುವುದೂ ಹೀಗೇ. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟೆಯ ಖಾಲಿ ಹಿತ್ತಾಳೆ ಕೊಳವೆ ಹೊರಗೆ ಹಾರುತ್ತದೆ. ಮುಂದೆ ತಳ್ಳಿದರೆ ಕೆಳಗಿನ ಮ್ಯಾಗಜೀನ್ ಡಬ್ಬಿಯಿಂದ ಹೊಸ ತೋಟೆ ಎದ್ದು ನಳಿಗೆಯ ಹಿಂಬದಿಯ ಗೂಡಿಗೆ ಹೋಗುತ್ತದೆ. ಹಿಡಿ ಮಡಿಸಿದರೆ ಚಿಲಕ ಬಿತ್ತು.

ಚಿಲಕ ಬೀಳುವುದು ಒಂದು ಉಕ್ಕಿನ ಮನೆಯೊಳಗೆ. ಅದಕ್ಕೆ ರಿಸೀವರ್ ಅನ್ನುತ್ತಾರೆ. ಬೋಲ್ಟಿಗೆ ಸಣ್ಣ ಕಿವಿಗಳಿರುತ್ತವೆ. ಹಿಡಿ ಮಡಿಸಿದಾಗ ಆ ಕಿವಿಗಳು ರಿಸೀವರ್‌ನ ತೋಡುಗಳಲ್ಲಿ ತಿರುಗಿ ಕಚ್ಚಿಕೊಳ್ಳುತ್ತವೆ. ಈಡು ಹಾರಿದಾಗ ಹಿಂದಕ್ಕೆ ಬರುವ ಅಷ್ಟೂ ಒತ್ತಡ ತಡೆಯುವುದು ಈ ಕಿವಿಗಳೇ. ಎಷ್ಟು ಒತ್ತಡ ಅಂತೀರಾ? ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ತ್ರೀ ನಾಟ್ ತ್ರೀ ತೋಟೆ ಸಿಡಿದಾಗ ಅದು 45,000 ಪೌಂಡ್ ದಾಟುತ್ತದೆ. ಮೂರು ಸಾವಿರ ಪಟ್ಟು ಜಾಸ್ತಿ. ಅದೂ ಹಾರಿಸುವವನ ಕೆನ್ನೆಯಿಂದ ಗೇಣು ದೂರದಲ್ಲಿ.

ಇನ್ನು ರೈಫಲ್ ಅನ್ನುವ ಹೆಸರು. ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೆರೆಗಳನ್ನು ಕೊರೆದಿರುತ್ತಾರೆ. ಗುಂಡು ಆ ಗೆರೆಗಳನ್ನು ಹಿಡಿದು ಗಿರ್ರನೆ ತಿರುಗುತ್ತಾ ಹೊರಡುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ, ತಿರುಗುವ ಗುಂಡು ಗಾಳಿಯಲ್ಲಿ ತಲೆಕೆಳಗಾಗದೆ ನೇರ ಹೋಗುತ್ತದೆ. ಊರಿನ ತೋಟೆ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ. ಅದಕ್ಕೇ ಅದು ರೈಫಲ್ ಅಲ್ಲ.

ತ್ರೀ ನಾಟ್ ತ್ರೀ ಅಂದರೆ ನಳಿಗೆಯ ಒಳ ಅಳತೆ 0.303 ಅಂಗುಲ. ರೈಫಲ್ಲಿನ ನಿಜ ಹೆಸರು ಲೀ ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ ಬೋಲ್ಟ್ ಮತ್ತು ಮ್ಯಾಗಜೀನ್ ರೂಪಿಸಿದ. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ ಕಾರ್ಖಾನೆ ಇತ್ತು. 1895ರಲ್ಲಿ ಬ್ರಿಟಿಷ್ ಸೇನೆ ಇದನ್ನು ಒಪ್ಪಿಕೊಂಡಿತು. ಇದರ ದೊಡ್ಡ ಎದುರಾಳಿ 1898ರ ಜರ್ಮನ್ ಮೌಸರ್. ಮೌಸರ್‌ನಲ್ಲಿ ಕಚ್ಚುವ ಮುಖ್ಯ ಕಿವಿಗಳು ಬೋಲ್ಟಿನ ಮುಂತುದಿಯಲ್ಲಿವೆ, ತೋಟೆಗೆ ಹತ್ತಿರ. ಹಾಗಾಗಿ ಅದು ಗಟ್ಟಿ. ಲೀಯಲ್ಲಿ ಕಿವಿಗಳು ಹಿಂದೆ ಇವೆ. ಒತ್ತಡಕ್ಕೆ ಬೋಲ್ಟ್ ಕೂದಲೆಳೆಯಷ್ಟು ಕುಗ್ಗುತ್ತದೆ, ಆದರೆ ಕೈ ಆಡಿಸುವುದು ಸಲೀಸು, ವೇಗ ಜಾಸ್ತಿ. ಮ್ಯಾಗಜೀನಿನಲ್ಲಿ ಮೌಸರ್‌ಗೆ ಐದು ತೋಟೆ, ಲೀಗೆ ಹತ್ತು.

## ಸೇನೆ ಬೇಡ ಅಂದದ್ದು ಪೇಟೆಗೆ ಬಂತು

ಎರಡನೇ ಮಹಾಯುದ್ಧದ ನಂತರ ಸೇನೆಗಳೆಲ್ಲ ಒಂದೊಂದಾಗಿ ತಾನೇ ತೋಟೆ ತುಂಬಿಕೊಳ್ಳುವ ರೈಫಲ್ಲುಗಳಿಗೆ ಬದಲಾದವು. ಗೋದಾಮುಗಳಲ್ಲಿ ಬೋಲ್ಟ್ ರೈಫಲ್ಲುಗಳು ರಾಶಿ ಬಿದ್ದವು. ಇದೇ ಸರ್‌ಪ್ಲಸ್, ಅಂದರೆ ಸೇನೆಗೆ ಬೇಡವಾಗಿ ಉಳಿದ ಮಾಲು. ವ್ಯಾಪಾರಿಗಳು ಸಗಟಾಗಿ ಕೊಂಡು ಅಮೆರಿಕಕ್ಕೆ ಹಡಗಿನಲ್ಲಿ ಸಾಗಿಸಿದರು. ಆ ಕಾಲಕ್ಕೆ ಅಲ್ಲಿ ಅಂಚೆಯಲ್ಲೇ ರೈಫಲ್ ತರಿಸಬಹುದಿತ್ತು.

ಬೇಟೆಗೆ ಹೋಗುವ ಸಾಮಾನ್ಯ ಕೆಲಸಗಾರನಿಗೆ ಅಂಗಡಿಯ ಹೊಸ ರೈಫಲ್ ದುಬಾರಿ. ಸರ್‌ಪ್ಲಸ್ ಅಗ್ಗ. ಆದರೆ ಅದು ಭಾರ, ಉದ್ದ, ಮೂತಿಯವರೆಗೂ ಮರ. ಹಾಗಾಗಿ ಜನ ಗ್ಯಾರೇಜಿನಲ್ಲಿ ಗರಗಸ, ಅರ ಹಿಡಿದು ಕೂತರು. ಸೇನೆಯ ರೈಫಲ್ಲನ್ನು ಬೇಟೆಗೆ ಒಗ್ಗಿಸುವ ಈ ಕೆಲಸಕ್ಕೆ ಸ್ಪೋರ್ಟರೈಸಿಂಗ್ ಎಂಬ ಹೆಸರೇ ಬಿತ್ತು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೇಲ್ ಕಂಪನಿ ಇದನ್ನೇ ಉದ್ಯಮ ಮಾಡಿಕೊಂಡಿತ್ತು. ಇದು ಬಡವರ ಉಪಾಯ ಮಾತ್ರವೂ ಅಲ್ಲ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆಯೇ ಸೇನೆಯ 1903ರ ರೈಫಲ್ಲಿಗೆ ಬೇಟೆಯ ಮರ ಹಾಕಿ ಕೊಟ್ಟಿತ್ತು. 1909ರಲ್ಲಿ ಅವರು ಆಫ್ರಿಕಾಕ್ಕೆ ಹೊರಟಾಗ ಅದು ಜೊತೆಗಿತ್ತು.

ಈ ಅಗ್ಗದ ಕಾಲಕ್ಕೆ ತಡೆ ಬಿದ್ದದ್ದು 1968ರಲ್ಲಿ. 1963ರಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಗೆ ಬಳಕೆಯಾದದ್ದು ಇಟಲಿ ಸೇನೆಯ ಹಳೇ ಕಾರ್ಕಾನೋ ಬೋಲ್ಟ್ ರೈಫಲ್. ದುರ್ಬೀನು ಸಮೇತ 19 ಡಾಲರ್ 95 ಸೆಂಟಿಗೆ ಅಂಚೆಯಲ್ಲಿ ಬಂದಿತ್ತು. ಐದು ವರ್ಷದ ನಂತರ ಬಂದ ಕಾನೂನು ಅಂಚೆ ಮಾರಾಟವನ್ನೂ ಸೇನಾ ಸರ್‌ಪ್ಲಸ್ ಆಮದನ್ನೂ ನಿಲ್ಲಿಸಿತು. ಹಳೆಯ ಸಂಗ್ರಹಯೋಗ್ಯ ರೈಫಲ್ಲುಗಳಿಗೆ ಬಾಗಿಲು ಮತ್ತೆ ತೆರೆದದ್ದು 1980ರ ದಶಕದಲ್ಲಿ. ಸೋವಿಯತ್ ಒಕ್ಕೂಟ ಒಡೆದ ಮೇಲಂತೂ ರಷ್ಯಾದ ಮೋಸಿನ್ ನಾಗಾಂತ್ ರೈಫಲ್ಲುಗಳು ದಪ್ಪ ಗ್ರೀಸಿನಲ್ಲಿ ಮುಳುಗಿ ಪೆಟ್ಟಿಗೆಗಟ್ಟಲೆ ಬಂದವು.

## ಮರ ಕತ್ತರಿಸಿದರೆ ಏನಾಗುತ್ತದೆ?

ಸೇನಾ ರೈಫಲ್ಲಿನ ಮರ ಮೂತಿಯವರೆಗೂ ಇರುವುದು ಅಂದಕ್ಕಲ್ಲ. ಸತತ ಹಾರಿಸಿದರೆ ನಳಿಗೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಸಿಪಾಯಿಯ ಕೈ ಸುಡಬಾರದು. ಬಯೊನೆಟ್ ಸಿಕ್ಕಿಸಿ ತಿವಿಯುವಾಗ ಹಿಡಿತ ಬೇಕು. ಕಲ್ಲಿಗೆ ಬಡಿದರೆ ನಳಿಗೆ ಬಾಗಬಾರದು. ಬೇಟೆಗಾರನಿಗೆ ಇದ್ಯಾವುದೂ ಬೇಡ. ಅವನು ದಿನವಿಡೀ ನಡೆದು ಒಂದೋ ಎರಡೋ ಈಡು ಹಾರಿಸುತ್ತಾನೆ. ನಾಲ್ಕು ಕಿಲೋ ಹತ್ತಿರದ ಭಾರದಲ್ಲಿ ಸ್ವಲ್ಪ ಇಳಿದರೂ ಹೆಗಲಿಗೆ ಸುಖ. ಹಾಗಾಗಿ ಮೊದಲು ಗರಗಸ ಬೀಳುವುದು ಮುಂದಿನ ಮರಕ್ಕೆ.

ಇಲ್ಲೇ ಜನ ಎಡವುವುದು. ದೇವಸ್ಥಾನದ ಗಂಟೆ ಹೊಡೆದು, ಅದು ಮೊಳಗುತ್ತಿರುವಾಗ ಒಂದು ಬೆರಳು ತಾಗಿಸಿ ನೋಡಿ. ನಾದವೇ ಬದಲಾಗುತ್ತದೆ, ಅಲ್ವಾ? ಈಡು ಹಾರಿದಾಗ ನಳಿಗೆಯೂ ಗಂಟೆಯ ಹಾಗೆ ನಡುಗುತ್ತದೆ. ಮರ ಅದನ್ನು ಎಲ್ಲಿ, ಎಷ್ಟು ಒತ್ತಿ ಹಿಡಿದಿದೆ ಅನ್ನುವುದರ ಮೇಲೆ ಗುಂಡು ಎಲ್ಲಿ ಬೀಳುತ್ತದೆ ಎಂಬುದು ನಿಂತಿದೆ. ಲೀ ಎನ್‌ಫೀಲ್ಡ್‌ನ ನಳಿಗೆ ತೆಳು. ಅದನ್ನು ಮರದ ಜೊತೆಗೇ ಲೆಕ್ಕ ಹಾಕಿ ಕೂರಿಸಿದ್ದಾರೆ. ಹಳೇ ಮಾದರಿಯಲ್ಲಂತೂ ಮುಂದಿನ ಮರದೊಳಗೆ ಪುಟ್ಟ ಸ್ಪ್ರಿಂಗ್ ಒಂದಿದೆ, ನಳಿಗೆಯನ್ನು ಕೆಳಗಿನಿಂದ ಹದವಾಗಿ ಎತ್ತಿ ಹಿಡಿಯುವುದೇ ಅದರ ಕೆಲಸ. ಸುಮ್ನೆ ಅರ್ಧ ಮರ ಕತ್ತರಿಸಿ ಬಿಸಾಡಿದರೆ ಆ ಸ್ಪ್ರಿಂಗೂ ಹೋಯಿತು, ಲೆಕ್ಕವೂ ಹೋಯಿತು. ನೋಡಲು ಚೂಟಿಯಾದ ರೈಫಲ್ ಗುರಿಯಲ್ಲಿ ಮೊದಲಿಗಿಂತ ಕೆಡುವುದು ಹೀಗೆ. ಒಳ್ಳೆಯ ಗನ್‌ಸ್ಮಿತ್ (ಕೋವಿ ರಿಪೇರಿ ಕಸುಬಿನವ) ಮರ ಕತ್ತರಿಸಿದ ಮೇಲೆ ನಳಿಗೆ ಮರಕ್ಕೆ ತಾಗದಂತೆ ಸಂದು ಬಿಡುತ್ತಾನೆ, ಇಲ್ಲವೇ ಒತ್ತು ಎಲ್ಲಿ ಬೇಕೋ ಅಲ್ಲೇ ಹೊಸದಾಗಿ ಕೊಡುತ್ತಾನೆ. ಇದಕ್ಕೆ ಬೆಡ್ಡಿಂಗ್ ಅನ್ನುತ್ತಾರೆ. ಈ ಇಡೀ ಕಸುಬಿನಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ ಇದೇ ಎಂದು ನನಗನ್ನಿಸುತ್ತದೆ.

ನಳಿಗೆ ಗಿಡ್ಡ ಮಾಡುವುದು ಮುಂದಿನ ಆಸೆ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ನಳಿಗೆಯ ಮೂತಿಯ ಅಂಚು. ಅದು ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಕೂದಲಷ್ಟು ಸೊಟ್ಟಗಿದ್ದರೂ ಹಿಂದಿನಿಂದ ನುಗ್ಗುವ ಅನಿಲ ಒಂದು ಪಕ್ಕದಿಂದ ಮೊದಲು ಹೊರಬಿದ್ದು ಗುಂಡನ್ನು ಓರೆ ಮಾಡುತ್ತದೆ. ಕೈಗರಗಸದಿಂದ ಆಗುವ ಕೆಲಸ ಇದಲ್ಲ. ನಳಿಗೆ ಗಿಡ್ಡವಾದಷ್ಟೂ ಗುಂಡಿನ ವೇಗ ಕಮ್ಮಿ, ಸದ್ದು ಮತ್ತು ಬೆಂಕಿ ಜಾಸ್ತಿ.

ದುರ್ಬೀನಿನ ತೊಂದರೆ ಬೇರೆ. ಸೇನೆಯ ಮೌಸರ್, ಮೋಸಿನ್‌ಗಳಲ್ಲಿ ಬೋಲ್ಟಿನ ಹಿಡಿ ಹೆಚ್ಚಾಗಿ ನೆಟ್ಟಗೆ ಪಕ್ಕಕ್ಕೆ ಚಾಚಿರುತ್ತದೆ. ಎತ್ತಿದರೆ ಮೇಲೆ ಕೂರಿಸಿದ ದುರ್ಬೀನಿಗೆ ಬಡಿಯುತ್ತದೆ. ಹಿಡಿಯನ್ನು ಕಾಯಿಸಿ ಬಗ್ಗಿಸಬೇಕು, ಇಲ್ಲವೇ ಕತ್ತರಿಸಿ ಹೊಸದು ಬೆಸೆಯಬೇಕು. ಲೀ ಎನ್‌ಫೀಲ್ಡ್‌ನ ಹಿಡಿ ಹುಟ್ಟಿನಿಂದಲೇ ಕೆಳಗೆ ಬಾಗಿದೆ, ಆ ಕಷ್ಟ ಇಲ್ಲ. ಆದರೆ ದುರ್ಬೀನು ನಿಲ್ಲಿಸಲು ರಿಸೀವರ್ ಕೊರೆದು ತಿರುಪು ಹಾಕಬೇಕು. ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ. ಕೊರೆಯದೆ ಬಿಗಿದು ಕೂರಿಸುವ ಕ್ಲ್ಯಾಂಪುಗಳೂ ಸಿಗುತ್ತವೆ.

## ಕಣ್ಣಿಗೆ ಕಾಣದ ಮೂರು ಸಂಗತಿ

ಮರ, ದುರ್ಬೀನು ಕಣ್ಣಿಗೆ ಕಾಣುವಂಥವು. ಜೀವ ಉಳಿಸುವುದು ಕಾಣದೆ ಇರುವಂಥವು.

ಹೆಡ್‌ಸ್ಪೇಸ್ ಅಂತ ಒಂದು ಮಾತಿದೆ. ಚಿಲಕ ಹಾಕಿದ ಮೇಲೆ ತೋಟೆ ಹಿಂದೆ ಮುಂದೆ ಅಲ್ಲಾಡಲು ಎಷ್ಟು ಜಾಗ ಉಳಿಯುತ್ತದೆ ಎಂಬುದರ ಅಳತೆ ಅದು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಆವಿ ಎಲ್ಲಿಂದಲೋ ನುಗ್ಗುತ್ತದೆ. ಇಲ್ಲಿ ಜಾಗ ಜಾಸ್ತಿಯಾದರೆ ತೋಟೆಯ ಹಿತ್ತಾಳೆ ಹಿಗ್ಗಿ ಹರಿದು, ಬಿಸಿ ಅನಿಲ ಹಾರಿಸುವವನ ಮುಖದ ಕಡೆ ಬರುತ್ತದೆ. ತ್ರೀ ನಾಟ್ ತ್ರೀಯಲ್ಲಿ ತೋಟೆಯ ಬುಡದ ಅಂಚಿಗೆ ಇರಬೇಕಾದ ಕನಿಷ್ಠ ಜಾಗ 0.064 ಅಂಗುಲ, ದಾಟಲೇಬಾರದ ಮಿತಿ 0.074 ಅಂಗುಲ. ವ್ಯತ್ಯಾಸ ಬರೀ ಕಾಲು ಮಿಲಿಮೀಟರ್. ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಅಷ್ಟೇ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ. ಗೇಜ್ ಎಂಬ ಉಕ್ಕಿನ ಬಿಲ್ಲೆಗಳನ್ನು ತೋಟೆಯ ಜಾಗದಲ್ಲಿಟ್ಟು ನೋಡಬೇಕು. ಮಿತಿಯ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಿಕೊಳ್ಳಬಾರದು. ಪ್ರತಿ ಬೋಲ್ಟನ್ನೂ ಅದರದೇ ರಿಸೀವರ್‌ಗೆ ಹೊಂದಿಸಿ ಎರಡಕ್ಕೂ ಒಂದೇ ನಂಬರು ಕೊಟ್ಟಿರುತ್ತಾರೆ. ಸರ್‌ಪ್ಲಸ್ ರಾಶಿಯಲ್ಲಿ ಬೋಲ್ಟುಗಳು ಅದಲು ಬದಲಾಗುವುದುಂಟು. ಅದಕ್ಕೇ ಮೊದಲು ನೋಡಬೇಕಾದ್ದು ಈ ನಂಬರು.

ಎರಡನೆಯದು ಉಕ್ಕಿನ ಹದ. ಚಿಕ್ಕಿ ಮಾಡುವಾಗ ಬೆಲ್ಲದ ಪಾಕ ಹದ ಮೀರಿದರೆ ಗಾಜಿನ ಹಾಗೆ ಪಟ್ಟನೆ ಒಡೆಯುತ್ತದೆ. ಉಕ್ಕೂ ಹಾಗೇ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳಲ್ಲಿ ಕೆಲವು ಸಿಡಿದು ಹೋಗುತ್ತಿದ್ದವು. 1917ರಲ್ಲಿ ಕಾರಣ ಗೊತ್ತಾಯಿತು. ಅನುಭವಿ ಕೆಲಸಗಾರರು ಕಾದ ಉಕ್ಕಿನ ಕೆಂಪು ನೋಡಿ ಹದ ಹೇಳುತ್ತಿದ್ದರು. ಮೋಡದ ದಿನ ಕಾಣುವ ಕೆಂಪೇ ಬೇರೆ, ಬಿಸಿಲಿನ ದಿನದ್ದೇ ಬೇರೆ. ಬಿಸಿಲಿನಲ್ಲಿ 'ಸರಿಯಾಗಿದೆ' ಅಂದದ್ದು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚು ಕಾದಿರುತ್ತಿತ್ತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರಿನ ರೈಫಲ್ಲುಗಳನ್ನು ಹಾರಿಸಬೇಡಿ ಅಂತ ಇವತ್ತಿಗೂ ಹೇಳುವುದು ಇದಕ್ಕೇ. ಗ್ಯಾರೇಜಿನಲ್ಲಿ ಗ್ಯಾಸ್ ಬರ್ನರ್ ಹಿಡಿದು ಬೋಲ್ಟಿನ ಹಿಡಿ ಬಗ್ಗಿಸುವವರು ಮರೆಯುವುದೂ ಇದನ್ನೇ. ಆ ಕಾವು ಹರಿದು ಕಿವಿಗಳನ್ನು ಮುಟ್ಟಿದರೆ ಕಾರ್ಖಾನೆ ಕೊಟ್ಟ ಹದ ಹೋಯಿತು. ಹೊರಗಿನಿಂದ ಏನೂ ಕಾಣುವುದಿಲ್ಲ.

ಮೂರನೆಯದು ಉಪ್ಪು. ಹಳೇ ಸೇನಾ ತೋಟೆಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆಯಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟಾಗ ಅದು ಉಪ್ಪಿನಂಥ ಪುಡಿಯಾಗಿ ನಳಿಗೆಯೊಳಗೆ ಉಳಿಯುತ್ತದೆ. ಮಂಗಳೂರಿನ ಕಡಲ ಬದಿಯ ಮನೆಗಳ ಕಿಟಕಿ ಸರಳಿನ ಗತಿ ಗೊತ್ತಲ್ಲ? ಅದೇ ಗತಿ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ನೀರಿಗೆ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಸಿಪಾಯಿಗಳು ಹಾರಿಸಿ ಬಂದ ಕೂಡಲೇ ನಳಿಗೆಯೊಳಗೆ ಕುದಿನೀರು ಸುರಿಯುತ್ತಿದ್ದರು, ಆಮೇಲೆ ಎಣ್ಣೆ ಸವರುತ್ತಿದ್ದರು. ಯಾರೋ ಎಂದೋ ಸೋಮಾರಿತನ ಮಾಡಿದ್ದರೆ ಇವತ್ತು ನಳಿಗೆಯಲ್ಲಿ ಇಣುಕಿದಾಗ ಸಿಡುಬಿನ ಕಲೆಯಂಥ ಗುಳಿಗಳು ಕಾಣುತ್ತವೆ.

## ಇಷಾಪುರದಲ್ಲಿ ನಡೆದ ಬದಲಾವಣೆಗಳು

ರೈಫಲ್ ಬದಲಾಯಿಸುವುದು ಅಮೆರಿಕದ ಹವ್ಯಾಸ ಮಾತ್ರ ಅಲ್ಲ. ನಮ್ಮಲ್ಲಿ ಅದನ್ನು ಸರ್ಕಾರವೇ ಮಾಡಿದೆ.

1857ರ ಭಯ ಬ್ರಿಟಿಷರನ್ನು ಬಿಟ್ಟಿರಲಿಲ್ಲ. ಪೊಲೀಸರಿಗೆ, ಕಾವಲುಗಾರರಿಗೆ ಆಯುಧ ಬೇಕು, ಆದರೆ ಅದು ಸೇನೆಯ ರೈಫಲ್ಲಿಗೆ ಸಮನಾಗಿರಬಾರದು. ಹಾಗಾಗಿ ಇಷಾಪುರದಲ್ಲಿ ಲೀ ಎನ್‌ಫೀಲ್ಡ್‌ಗಳನ್ನು .410 ಮಸ್ಕೆಟ್ ಆಗಿ ಬದಲಾಯಿಸಿದರು. ನಳಿಗೆಯ ಗೆರೆ ಇಲ್ಲ, ಒಳಗೆ ನುಣುಪು. ಮ್ಯಾಗಜೀನಿನ ಜಾಗಕ್ಕೆ ಮರದ ತುಂಡು. ಒಂದು ಸಲಕ್ಕೆ ಒಂದೇ ಈಡು. ಹೊರಗಿನಿಂದ ನೋಡಿದರೆ ಅದೇ ತ್ರೀ ನಾಟ್ ತ್ರೀ.

ಸಾರ್ವಜನಿಕರಿಗೆ ಸೇನೆಯ ತೋಟೆ ಸಿಗಬಾರದೆಂಬ ನಿಯಮದಿಂದ ಹುಟ್ಟಿದ್ದು .315 ರೈಫಲ್. ಬೋಲ್ಟು, ರಿಸೀವರ್ ಲೀ ಎನ್‌ಫೀಲ್ಡ್‌ನದೇ. ತೋಟೆ ಮಾತ್ರ ಆಸ್ಟ್ರಿಯಾ ಹಂಗೇರಿ ಸೇನೆಯ ಹಳೇ 8 ಮಿ.ಮೀ. ತೋಟೆಯ ಅಳತೆಯದು. ಮುಂದಿನ ಮರ ಗಿಡ್ಡ. ಅಮೆರಿಕದವರು ಗ್ಯಾರೇಜಿನಲ್ಲಿ ಮಾಡಿಕೊಂಡ ಬೇಟೆ ರೈಫಲ್ ನಮ್ಮಲ್ಲಿ ಕಾರ್ಖಾನೆಯಿಂದಲೇ ಹೊರಬಂತು.

1962ರ ಚೀನಾ ಯುದ್ಧದ ನಂತರ ಸೇನೆಗೆ ರೈಫಲ್ ಸಾಲದಾಯಿತು. ಹೊಸ ಎಸ್‌ಎಲ್‌ಆರ್ (ತಾನೇ ತೋಟೆ ತುಂಬಿಕೊಳ್ಳುವ ರೈಫಲ್) ಇನ್ನೂ ಎಲ್ಲರ ಕೈ ತಲುಪಿರಲಿಲ್ಲ. ಆಗ ಇಷಾಪುರದವರು ಹಳೇ ಲೀ ವಿನ್ಯಾಸವನ್ನೇ ಹೆಚ್ಚು ಗಟ್ಟಿ ಉಕ್ಕಿನಲ್ಲಿ, 7.62 ಮಿ.ಮೀ. ತೋಟೆಗೆ, 12 ತೋಟೆಯ ಮ್ಯಾಗಜೀನ್ ಸಮೇತ ಮಾಡಿದರು. ಅದೇ 2ಎ ಮತ್ತು 2ಎ1. ಅಕ್ಕನ ಮಗನ ಮೇಜಿನ ಮೇಲಿದ್ದದ್ದು ಇದೇ. ಹಳೇ ತ್ರೀ ನಾಟ್ ತ್ರೀ ಪೊಲೀಸರಲ್ಲಿ ಮತ್ತೂ ದಶಕಗಳ ಕಾಲ ಉಳಿಯಿತು. ಉತ್ತರ ಪ್ರದೇಶ ಪೊಲೀಸರು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಅದಕ್ಕೆ ವಿದಾಯ ಹೇಳಿದರು.

## ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಉತ್ತರ ಸರಳ. .303 ಅಥವಾ 7.62 ಮಿ.ಮೀ.ನ ಸೇನಾ ತೋಟೆ ಹಾರಿಸಬಲ್ಲ ಬೋಲ್ಟ್ ರೈಫಲ್ಲುಗಳು, .410 ಮಸ್ಕೆಟ್ಟುಗಳು ಆಯುಧ ನಿಯಮಗಳ ನಿಷೇಧಿತ ಪಟ್ಟಿಯಲ್ಲಿವೆ. ಸಾಮಾನ್ಯ ಲೈಸೆನ್ಸಿನಲ್ಲಿ ಸಿಗುವುದಿಲ್ಲ. ಲೈಸೆನ್ಸ್ ಇರುವ ಬೇರೆ ಕೋವಿಯಾದರೂ ಅದರ ನಳಿಗೆ ಗಿಡ್ಡ ಮಾಡುವುದು, ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಿಸುವುದು 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವ ಕೆಲಸ ಅಲ್ಲವೇ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ನಿಂತಿದೆ.

ಕೊಡಗಿನವರು ಕೇಳಬಹುದು, ನಮಗೆ ವಿನಾಯಿತಿ ಇದೆಯಲ್ಲ ಅಂತ. ಇದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಲಾಗಿದೆ. ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜಿಸುವ ಕೋವಿ ಅದು. ಆದರೆ ಇಟ್ಟುಕೊಳ್ಳುವ ವಿನಾಯಿತಿ ಬೇರೆ, ಅದನ್ನು ಕತ್ತರಿಸಿ ರೂಪ ಬದಲಿಸುವುದು ಬೇರೆ.

ಅಮೆರಿಕದಲ್ಲಿ ಇರುವವರಿಗೂ ಒಂದು ಮಾತು. ಕೆಲಸದ ವೀಸಾ, ವಿದ್ಯಾರ್ಥಿ ವೀಸಾದ ಮೇಲೆ ಇರುವವರು ಸಾಮಾನ್ಯವಾಗಿ ಬಂದೂಕು ಹೊಂದುವಂತಿಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಅಕ್ಕನ ಮಗ ಅಲ್ಲಿನ ಪೌರ, ಹಾಗಾಗಿ ಅವನಿಗೆ ಆ ತೊಡಕಿಲ್ಲ. ಆದರೆ ರೈಫಲ್ಲಿನ ನಳಿಗೆ 16 ಅಂಗುಲಕ್ಕಿಂತ ಗಿಡ್ಡವಾದರೆ 1934ರ ಕಾನೂನಿನಡಿ ಮೊದಲೇ ನೋಂದಾಯಿಸಿ ಅನುಮತಿ ಪಡೆಯಬೇಕು. ರಾಜ್ಯದ ಕಾನೂನು ಅದರ ಮೇಲೆ ಬೇರೆ.

## ಕತ್ತರಿಸಬೇಕೋ ಬೇಡವೋ

1950ರ ದಶಕದಲ್ಲಿ ಒಂದು ಲೀ ಎನ್‌ಫೀಲ್ಡ್ ಕತ್ತರಿಸಿದವನಿಗೆ ಪಕ್ಕದ ಅಂಗಡಿಯಲ್ಲಿ ಅಂಥದೇ ನೂರು ಕಾಣುತ್ತಿದ್ದವು. ಈಗ ಹಾಗಿಲ್ಲ. ಮೂಲ ಮರ, ಮೂಲ ನಳಿಗೆ, ಹೊಂದುವ ನಂಬರು ಇರುವ ರೈಫಲ್ಲಿಗೆ ಸಂಗ್ರಹಕಾರರು ಕತ್ತರಿಸಿದ್ದಕ್ಕಿಂತ ಜಾಸ್ತಿ ಬೆಲೆ ಕೊಡುತ್ತಾರೆ. ಬೇಟೆಗೆ ಬೇಕಾದ ಹೊಸ ಬೋಲ್ಟ್ ರೈಫಲ್ಲುಗಳೂ ಅಗ್ಗವಾಗಿವೆ. ಗನ್‌ಸ್ಮಿತ್‌ಗೆ ಕೊಡುವ ಕೂಲಿ ಲೆಕ್ಕ ಹಾಕಿದರೆ ಎಷ್ಟೋ ಸಲ ಹೊಸದೇ ಕಮ್ಮಿಗೆ ಬರುತ್ತದೆ. ಯಾರೋ ಆಗಲೇ ಕತ್ತರಿಸಿಟ್ಟ ರೈಫಲ್ ಸಿಕ್ಕರೆ ಮಾತು ಬೇರೆ. ಅದರ ಮೇಲೆ ಕೈ ಆಡಿಸಲು ಹಿಂಜರಿಯಬೇಕಿಲ್ಲ.

ಇದನ್ನೆಲ್ಲ ಬರೆದು ಅಕ್ಕನ ಮಗನಿಗೆ ಕಳಿಸಿದೆ. ಅವನು ರೈಫಲ್ಲನ್ನು ಗನ್‌ಸ್ಮಿತ್ ಹತ್ತಿರ ಒಯ್ದು ಗೇಜ್ ಹಾಕಿಸಿದ. ಮಿತಿಯ ಗೇಜಿನ ಮೇಲೆ ಬೋಲ್ಟ್ ಮುಚ್ಚಲಿಲ್ಲ. ನಂಬರುಗಳೂ ಹೊಂದಿದವು. ಮುಂದಿನ ಮರದಲ್ಲಿ ಅಡ್ಡಲಾಗಿ ಹೋದ ಒಂದು ತಿರುಪು ತೋರಿಸಿ, ಮರ ಸೀಳದಿರಲಿ ಅಂತ ಇಷಾಪುರದಲ್ಲಿ ಹಾಕುತ್ತಿದ್ದದ್ದು ಇದು ಅಂತ ಆ ಗನ್‌ಸ್ಮಿತ್ತೇ ಹೇಳಿದರಂತೆ. ಕೊರೆಯದೆ ಬಿಗಿಯುವ ಕ್ಲ್ಯಾಂಪ್ ತರಿಸಿ ದುರ್ಬೀನು ಕೂರಿಸಿದ್ದಾನೆ. ಅದಕ್ಕಾಗಿ ಬಿಚ್ಚಿದ, ಗುರಿ ನೋಡುವ ಹಿಂದಿನ ಸೈಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ ಡ್ರಾಯರಿನಲ್ಲಿ ಇಟ್ಟಿದ್ದಾನೆ. ಮರ ಹಾಗೇ ಇದೆ.